ಹೆಬ್ಬೆರಳು ಆಮೇಲೆ, ಮೊದಲು ಉಸಿರು

ಯೋಗ ಶುರು ಮಾಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡುತ್ತಾರೆ. ರೂಮಿನ ಬಾಗಿಲು ಹಾಕಿಕೊಂಡು ನೇರ ನಿಂತು, ಮಂಡಿ ಮಡಿಸದೆ ಬಗ್ಗಿ, ಕಾಲಿನ ಹೆಬ್ಬೆರಳು ಮುಟ್ಟಲು ಹೋಗುತ್ತಾರೆ. ಕೈ ಮಂಡಿಯಿಂದ ಒಂದು ಗೇಣು ಕೆಳಗೆ ಬಂದು ನಿಂತುಬಿಡುತ್ತದೆ. ತೊಡೆಯ ಹಿಂಭಾಗ ಹಗ್ಗದ ಹಾಗೆ ಬಿಗಿಯುತ್ತದೆ. ಒಂದೆರಡು ಸಲ ಜಗ್ಗಿ ನೋಡಿ, 'ನನ್ನ ಮೈ ಬಗ್ಗೋದಿಲ್ಲ, ಇದು ನನ್ನಿಂದ ಆಗೋ ಕೆಲಸ ಅಲ್ಲ' ಎಂದು ಅಲ್ಲಿಗೇ ಕೈಬಿಡುತ್ತಾರೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗೆಲ್ಲ ಬೇಜಾರಾಗುತ್ತದೆ. ಆ ಬಿಗಿತ ಯಾಕೆ ಬರುತ್ತದೆ ಅಂತ ಯಾರಾದರೂ ಐದು ನಿಮಿಷ ಕೂತು ಹೇಳಿದ್ದರೆ ಅವರು ಬಿಡುತ್ತಿರಲಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಡಾಕ್ಟರು ಸಣ್ಣ ರಬ್ಬರ್ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟುವುದನ್ನು ನೋಡಿದ್ದೀರಲ್ವಾ? ತಟ್ಟಿದ ಕೂಡಲೇ ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ನೀವು ಬೇಡ ಅಂದರೂ ಚಿಮ್ಮುತ್ತದೆ. ಸ್ನಾಯುವಿನ ಒಳಗೆ, ಎಳೆತ ಎಷ್ಟು ಬಿತ್ತು, ಎಷ್ಟು ಬೇಗ ಬಿತ್ತು ಎಂದು ಅಳೆಯುವ ಸಣ್ಣ ಸಣ್ಣ ಎಳೆಗಳಿವೆ. ಥಟ್ಟನೆ ಎಳೆತ ಬಿದ್ದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಏನು ಹೇಳುತ್ತದೋ ಎಂದು ಕಾಯದೆ ಬೆನ್ನುಹುರಿ ಅಲ್ಲಿಂದಲೇ 'ಬಿಗಿ ಹಿಡಿ' ಎಂದು ಅಪ್ಪಣೆ ಕೊಡುತ್ತದೆ. ಸ್ನಾಯು ಹರಿಯದಿರಲಿ ಎಂದು ಮೈ ಇಟ್ಟುಕೊಂಡಿರುವ ಕಾವಲು ಇದು. ಹೆಬ್ಬೆರಳು ಮುಟ್ಟಲು ಜಗ್ಗಿದಾಗಲೂ ಇದೇ ಕಾವಲು ಎದ್ದು ಬರುತ್ತದೆ. ಜೋರು ಮಾಡಿದಷ್ಟೂ ಬಿಗಿಯುತ್ತದೆ. ನಿಧಾನವಾಗಿ ಹೋಗಿ, ಎಳೆತ ಸಣ್ಣದಾಗಿ ಶುರುವಾದ ಕಡೆ ನಿಂತು, ಐದಾರು ಉಸಿರಿನಷ್ಟು ಹೊತ್ತು ಕಾದರೆ ಸ್ವಲ್ಪ ಸ್ವಲ್ಪವೇ ದಾರಿ ಬಿಡುತ್ತದೆ.

ಮೊದಲ ಕೆಲವು ವಾರಗಳಲ್ಲಿ ಮೈ ಸಡಿಲವಾದದ್ದು ಗೊತ್ತಾಗುತ್ತದೆ. ಅಷ್ಟು ಬೇಗ ಸ್ನಾಯು ಉದ್ದವಾಗಿಬಿಟ್ಟಿತು ಅಂದುಕೊಳ್ಳಬೇಡಿ. ಆ ಸಡಿಲಿಕೆಯಲ್ಲಿ ದೊಡ್ಡ ಪಾಲು ನರಗಳದ್ದು. ಈ ಎಳೆತದಿಂದ ಅಪಾಯವಿಲ್ಲ ಎಂದು ಅವು ನಂಬತೊಡಗಿರುತ್ತವೆ. ಹೊಸಬರ ಮೊದಲ ತಿಂಗಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಮೈಯ ನಂಬಿಕೆ ಗಳಿಸಿಕೊಳ್ಳಿ. ಯಾವ ಆಸನ, ಎಷ್ಟು ಸುತ್ತು, ಯಾವ ಬಗೆಯ ಯೋಗ ಎನ್ನುವುದೆಲ್ಲ ಅದರ ನಂತರ.

ನಂಬಿಕೆ ಗಳಿಸುವ ದಾರಿ ಉಸಿರಿನದು. ಈಗಲೇ ಪರೀಕ್ಷಿಸಿ ನೋಡಬಹುದು. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹುಡುಕಿ. ಸಿಕ್ಕಿತಾ? ಈಗ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ಏಳೆಂಟು ಸಲ ಹೀಗೆ ಮಾಡುವಷ್ಟರಲ್ಲಿ ಒಂದು ವಿಷಯ ತುಂಬ ಜನರಿಗೆ ಬೆರಳ ತುದಿಗೇ ತಿಳಿಯುತ್ತದೆ. ಉಸಿರು ಒಳಗೆ ಹೋಗುವಾಗ ನಾಡಿ ಸ್ವಲ್ಪ ಬೇಗ ಬಡಿಯುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೂ ಇಳಿಯುವ ವೇಗಸ್ ಎಂಬ ನರವಿದೆ. ಗುಂಡಿಗೆಯ ಓಟಕ್ಕೆ ಕಡಿವಾಣ ಹಾಕುವುದು ಅದು. ಉಸಿರು ಬಿಡುವಾಗ ಅದರ ಹಿಡಿತ ಜಾಸ್ತಿ. ಗುಂಡಿಗೆಗೆ ನಿಧಾನವಾಗು ಎಂದು ಹೇಳಿದರೆ ಅದು ಕೇಳುವುದಿಲ್ಲ, ಆದರೆ ಉಸಿರು ಉದ್ದ ಮಾಡಿದರೆ ಕೇಳುತ್ತದೆ. ಪ್ರಾಣಾಯಾಮ ಎಂಬ ದೊಡ್ಡ ಮನೆಗೆ ಹೊಸಬರು ಒಳಗೆ ಹೋಗುವ ಬಾಗಿಲು ಇದೇ.

ಆಸನ ಮಾಡುವಾಗಲೂ ಇದೇ ಅಳತೆ. ಬಗ್ಗಿದಾಗ, ತಿರುಗಿದಾಗ, ಎತ್ತಿದಾಗ ಉಸಿರು ಸಲೀಸಾಗಿ ಆಡುತ್ತಿದೆಯಾ ನೋಡಿಕೊಳ್ಳಿ. ಉಸಿರು ಕಟ್ಟಿದರೆ, ಹಲ್ಲು ಕಚ್ಚಿದರೆ, ಹುಬ್ಬು ಗಂಟಾದರೆ ನೀವು ನಿಮ್ಮ ಗೆರೆ ದಾಟಿದ್ದೀರಿ. ಎರಡು ಇಂಚು ಹಿಂದೆ ಬನ್ನಿ. ಅಲ್ಲಿ ಉಸಿರು ಮತ್ತೆ ಹರಿಯುತ್ತದೆ. ಇವತ್ತಿಗೆ ನಿಮ್ಮ ಆಸನ ಅಲ್ಲಿಯವರೆಗೆ.

ಇದನ್ನು ನಾನು ಕಲಿತದ್ದು ನೋವಿನಿಂದ. ಸುಮಾರು ವರ್ಷಗಳ ಹಿಂದೆ, ಕ್ಲಾಸಿಗೆ ಸೇರಿದ ಎರಡನೇ ವಾರ, ಪಶ್ಚಿಮೋತ್ತಾನಾಸನದಲ್ಲಿ ಕಾಲು ಚಾಚಿ ಮುಂದೆ ಬಗ್ಗಿದ್ದೆ. ಹೇಳಿಕೊಡುತ್ತಿದ್ದವರು ಹಿಂದಿನಿಂದ ಬಂದು ಎರಡೂ ಅಂಗೈಯಿಂದ ಬೆನ್ನು ಒತ್ತಿದರು. ಕುಂಡಿಯ ಕೆಳಗೆ, ಕೂರುವಾಗ ನೆಲಕ್ಕೆ ತಾಗುವ ಮೂಳೆಯ ಹತ್ತಿರ, ಟಕ್ ಎಂದಿತು. ಹಣೆ ಮಂಡಿಗೆ ತಾಗಿತು, ಸುತ್ತ ಇದ್ದವರು ಮೆಚ್ಚಿಕೊಂಡರು. ಆಮೇಲೆ ನಾಲ್ಕು ತಿಂಗಳು ಕುರ್ಚಿಯಲ್ಲಿ ಅರ್ಧ ಗಂಟೆ ಕೂರಲು ಆಗಲಿಲ್ಲ. ಸ್ನಾಯುವನ್ನು ಮೂಳೆಗೆ ಬಿಗಿದಿರುವ ನಾರಿಗೆ ರಕ್ತ ಹರಿಯುವುದು ಸ್ನಾಯುವಿಗಿಂತ ತುಂಬ ಕಡಿಮೆ. ಅದು ಬಲವಾಗುವುದೂ ನಿಧಾನ, ಪೆಟ್ಟಾದರೆ ವಾಸಿಯಾಗುವುದೂ ನಿಧಾನ. ಆಗ ನನಗೆ ಅದು ಗೊತ್ತಿರಲಿಲ್ಲ. ಈಗ ಹೊಸಬರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ. ಯಾರಾದರೂ ಬೆನ್ನ ಮೇಲೆ ಭಾರ ಹಾಕಲು ಬಂದರೆ 'ಬೇಡ' ಅನ್ನಿ. ಸಂಕೋಚ ಬೇಡ.

ನಾವು ಯೋಗ ಅಂದ ಕೂಡಲೇ ಆಸನ ಅಂದುಕೊಳ್ಳುತ್ತೇವೆ. ಯೋಗದ ಹಳೆಯ ಮೂಲಗ್ರಂಥವಾದ ಪತಂಜಲಿಯ ಯೋಗಸೂತ್ರದಲ್ಲಿ ಇನ್ನೂರಕ್ಕೆ ನಾಲ್ಕೈದು ಕಡಿಮೆ ಸೂತ್ರಗಳಿವೆ. ಆಸನದ ಬಗ್ಗೆ ಹೇಳುವುದು ಮೂರೇ ಮೂರು, ಎರಡನೇ ಪಾದದ, ಅಂದರೆ ಅಧ್ಯಾಯದ, 46ರಿಂದ 48ರವರೆಗೆ. ಮೊದಲನೆಯದು 'ಸ್ಥಿರಸುಖಮಾಸನಮ್'. ಕದಲದೆ, ಹಾಯಾಗಿ ಇರುವುದೇ ಆಸನ. ಅದರ ಮುಂದಿನದರಲ್ಲಿ ಇನ್ನೂ ಒಳ್ಳೆಯ ಮಾತಿದೆ: ಪ್ರಯತ್ನ ಶೈಥಿಲ್ಯ. ಹಿಡಿದಿಟ್ಟ ಜೋರನ್ನು ಸಡಿಲ ಬಿಟ್ಟಾಗ ಆಸನ ಕೂಡಿಬರುತ್ತದಂತೆ. ಸ್ನಾಯುವಿನ ಕಾವಲಿನ ಬಗ್ಗೆ ಮೇಲೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಸನಗಳ ಸಂಖ್ಯೆ ಬೆಳೆದದ್ದು ಆಮೇಲೆ. ಸುಮಾರು 15ನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ 15 ಆಸನಗಳಿವೆ. 19ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿಸಿದ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ.

ಇವತ್ತು ಜಗತ್ತಿನ ಊರೂರಲ್ಲಿ ಕಲಿಸುವ ಯೋಗಕ್ಕೂ ನಮ್ಮ ಮೈಸೂರಿಗೂ ಇರುವ ನಂಟು ಗೊತ್ತಿದ್ದರೆ ಹೊಸಬರಿಗೆ ಒಂದು ಗೊಂದಲ ಕಡಿಮೆಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಕನ್ನಡದಲ್ಲೇ 'ಯೋಗ ಮಕರಂದ' ಬರೆದರು. ಅವರ ಇಬ್ಬರು ಶಿಷ್ಯರು ಎರಡು ದಾರಿ ಹಿಡಿದರು. ಹಾಸನದ ಹತ್ತಿರದ ಕೌಶಿಕ ಎಂಬ ಹಳ್ಳಿಯ ಕೆ. ಪಟ್ಟಾಭಿ ಜೋಯಿಸರು ಉಸಿರಿಗೆ ಜೋಡಿಸಿ ಒಂದಾದ ಮೇಲೊಂದು ಆಸನ ಹರಿಯುವ ಕ್ರಮವನ್ನು ಕಲಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರದು ಬೇರೆ ಕಥೆ. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಂದು ಕಾಯಿಲೆಯಲ್ಲೇ ಬೆಳೆದ ಹುಡುಗ ಅವರು. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ ಬಂದಾಗ ಅವರ ಮೈಯೂ ಬಗ್ಗುತ್ತಿರಲಿಲ್ಲ. ಮುಂದೆ ಪುಣೆಗೆ ಹೋಗಿ, ಮರದ ದಿಮ್ಮಿ, ಬೆಲ್ಟು, ಕುರ್ಚಿ, ಹಗ್ಗ ಎಲ್ಲವನ್ನೂ ಆಸರೆಯಾಗಿ ಬಳಸುವ ಪದ್ಧತಿ ಬೆಳೆಸಿದರು. ಬಗ್ಗದ ಮೈಗೂ ಆಸನ ಒಗ್ಗಬೇಕು ಎಂಬ ಕಾಳಜಿ ಆ ಪದ್ಧತಿಯಲ್ಲಿ ಎದ್ದು ಕಾಣುತ್ತದೆ. ಒಬ್ಬ ಗುರು, ಎರಡು ರೀತಿ. ಹಾಗಾಗಿ ಯಾವುದು ಅಸಲಿ ಯೋಗ ಎಂಬ ಜಗಳಕ್ಕೆ ಹೊಸಬರು ತಲೆ ಕೊಡುವ ಅಗತ್ಯವಿಲ್ಲ. ಸೊಂಟ, ಮಂಡಿ ಸರಿಯಿಲ್ಲದವರಿಗೆ ಆಸರೆ ಇಟ್ಟು ಕಲಿಸುವ ಕ್ಲಾಸು ಒಳ್ಳೆಯದು. ಮೈಯಲ್ಲಿ ಕಸುವಿದ್ದು, ಕೂತ ಕಡೆ ಕೂರಲಾಗದವರಿಗೆ ಹರಿಯುವ ಕ್ರಮ ಹಿಡಿಸುತ್ತದೆ.

ಈಗ ಮನೆಯ ಮಾತಿಗೆ ಬರೋಣ. ಜಮಖಾನ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ. ಮೊದಲು ಅದನ್ನು ಪಕ್ಕಕ್ಕಿಟ್ಟು ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಕುರ್ಚಿ, ಸೋಫಾ, ಡೈನಿಂಗ್ ಟೇಬಲ್ಲಿಗೆ ಒಗ್ಗಿದ ಮೈಯಾದರೆ ಮಂಡಿಗಳೆರಡೂ ಮೇಲಕ್ಕೆದ್ದು ನಿಲ್ಲುತ್ತವೆ. ಸೊಂಟ ಹಿಂದಕ್ಕೆ ವಾಲುತ್ತದೆ. ಬೆನ್ನು ಗೂನಾಗುತ್ತದೆ. ನೇರ ಕೂರಲು ಹೋದರೆ ಎರಡೇ ನಿಮಿಷಕ್ಕೆ ಕೆಳಬೆನ್ನು ಸೋಲುತ್ತದೆ. ಈಗ ಮಡಿಸಿದ ಜಮಖಾನವನ್ನು ಕುಂಡಿಯ ಕೆಳಗೆ ಮಾತ್ರ ಇಟ್ಟುಕೊಳ್ಳಿ, ಕಾಲು ನೆಲದ ಮೇಲೇ ಇರಲಿ. ಕೂರುವ ಮೂಳೆ ಸ್ವಲ್ಪ ಮೇಲೆ ಬಂತು. ಸೊಂಟ ತಾನಾಗಿ ಸ್ವಲ್ಪ ಮುಂದಕ್ಕೆ ವಾಲುತ್ತದೆ. ಅದರ ಮೇಲೆ ಬೆನ್ನುಮೂಳೆ, ಒಂದರ ಮೇಲೊಂದು ಕೊಡ ಜೋಡಿಸಿದ ಹಾಗೆ, ಹೆಚ್ಚು ಶ್ರಮವಿಲ್ಲದೆ ನಿಲ್ಲುತ್ತದೆ. ಮಂಡಿಗಳು ಕೆಳಗಿಳಿಯುತ್ತವೆ. ಇನ್ನೂ ಇಳಿಯದಿದ್ದರೆ ಮಂಡಿಯ ಕೆಳಗೊಂದು ದಿಂಬು. ಹೀಗೆ ಕೂತು ಮೇಲೆ ಹೇಳಿದ ನಾಲ್ಕು ಆರರ ಉಸಿರನ್ನು ಐದು ನಿಮಿಷ ಆಡಿ. ಇದೇ ಸುಖಾಸನ. ಹೆಸರಿಗೆ ತಕ್ಕ ಹಾಗೆ ಸುಖವಾಗಿರಬೇಕು.

ಪದ್ಮಾಸನಕ್ಕೆ ಅವಸರ ಮಾಡಬೇಡಿ ಎನ್ನುವುದಕ್ಕೂ ಇಲ್ಲೇ ಕಾರಣವಿದೆ. ಕಾಲು ಹೊರಕ್ಕೆ ತಿರುಗುವುದು ತೊಡೆ ಸೊಂಟಕ್ಕೆ ಕೂಡುವ ಕಡೆ. ಅಲ್ಲಿ ಗುಂಡಗಿನ ಕೀಲಿದೆ. ಮಂಡಿ ಹೆಚ್ಚುಕಡಿಮೆ ಬಾಗಿಲಿನ ಕೀಲಿನ ಹಾಗೆ, ಮಡಿಸಲು ಬಿಚ್ಚಲು ಮಾಡಿದ್ದು. ಸೊಂಟದ ಕೀಲು ಬಿಗಿಯಾಗಿದ್ದಾಗ ಪಾದವನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡರೆ ಆ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಸುಮ್ನೆ ಒಂದು ಫೋಟೋಗಾಗಿ ಮಂಡಿ ಕಳೆದುಕೊಂಡವರನ್ನು ನೋಡಿದ್ದೇನೆ. ದಿನಾ ಅರ್ಧ ಗಂಟೆ ನೆಲದ ಮೇಲೆ ಕೂತು ಊಟ ಮಾಡುವುದು, ಸೊಪ್ಪು ಬಿಡಿಸುವುದು, ಪೇಪರ್ ಓದುವುದು, ಇವು ಆ ಕೀಲನ್ನು ಯಾವ ಜೋರೂ ಇಲ್ಲದೆ ಬಿಚ್ಚುತ್ತವೆ.

ಮುಂದೆ ಬಗ್ಗುವುದರಲ್ಲೂ ಇಂಥದ್ದೇ ಒಂದು ಗುಟ್ಟಿದೆ. ತೊಡೆಯ ಹಿಂದಿನ ಸ್ನಾಯು ಮೇಲೆ ಕೂರುವ ಮೂಳೆಗೆ ಅಂಟಿಕೊಂಡಿದೆ, ಕೆಳಗೆ ಮಂಡಿ ದಾಟಿ ಕಣಕಾಲಿನ ಮೂಳೆಗೆ ಅಂಟಿಕೊಂಡಿದೆ. ಅದು ಬಿಗಿಯಾಗಿದ್ದರೆ ಮಂಡಿ ನೆಟ್ಟಗಿದ್ದಾಗ ಸೊಂಟ ಮುಂದಕ್ಕೆ ತಿರುಗುವುದಿಲ್ಲ. ಆಗ ಬಗ್ಗುವ ಕೆಲಸವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. ಸ್ವಲ್ಪ ಮಂಡಿ ಮಡಿಸಿ ನೋಡಿ, ಕೂಡಲೇ ಸೊಂಟ ತಿರುಗುತ್ತದೆ, ಹೊಟ್ಟೆ ತೊಡೆಗೆ ಹತ್ತಿರ ಬರುತ್ತದೆ, ಬೆನ್ನು ಉದ್ದವಾಗುತ್ತದೆ. ಮಂಡಿ ಮಡಿಸುವುದು ಮೋಸ ಅಲ್ಲವೇ ಅಲ್ಲ. ಸೂರ್ಯನಮಸ್ಕಾರದಲ್ಲಿ ಕೈ ಕಾಲು ಊರಿ ಸೊಂಟ ಮೇಲೆತ್ತುವ ಭಂಗಿಯಲ್ಲೂ ಹೀಗೇ ಮಾಡಿ. ಹಿಮ್ಮಡಿ ನೆಲ ಮುಟ್ಟದಿದ್ದರೆ ಪರವಾಗಿಲ್ಲ. ಮಂಡಿ ಮಡಿಸಿ, ಕುಂಡಿ ಆಕಾಶದ ಕಡೆ ಎತ್ತಿ, ಕಂಕುಳಿಂದ ಸೊಂಟದವರೆಗೆ ಒಂದೇ ಗೆರೆಯಾಗಲಿ. ರಥಸಪ್ತಮಿಯಂದು 108 ನಮಸ್ಕಾರ ಹಾಕುವವರನ್ನು ನೋಡಿ ಆಸೆಯಾಗುವುದು ಸಹಜ. ನಿಮಗೆ ಮೊದಲ ತಿಂಗಳು ಮೂರು ಸುತ್ತು ಸಾಕು, ಪ್ರತಿ ಚಲನೆಗೆ ಒಂದೊಂದು ಪೂರ್ತಿ ಉಸಿರು ಕೊಟ್ಟು.

ಉಳಿದ ಆಸನಗಳ ಪಟ್ಟಿ ದೊಡ್ಡದೇನಲ್ಲ. ನೇರ ನಿಲ್ಲುವ ತಾಡಾಸನ, ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ ಗೋಡೆಯ ಪಕ್ಕ. ಮಂಡಿ ಕೈ ಊರಿ ಬೆನ್ನನ್ನು ಬೆಕ್ಕಿನ ಹಾಗೆ ಮೇಲೆ ಕೆಳಗೆ ಮಾಡುವ ಮಾರ್ಜಾಲಾಸನ. ಬೋರಲು ಮಲಗಿ ಮಾಡುವ ಭುಜಂಗಾಸನದಲ್ಲಿ ಎದೆ ನಾಲ್ಕು ಬೆರಳು ಎದ್ದರೆ ಸಾಕು, ಕೈಗೆ ಭಾರ ಕೊಡದೆ. ಅಂಗಾತ ಮಲಗಿ, ಮಂಡಿ ಮಡಿಸಿ ಸೊಂಟ ಮೇಲೆತ್ತುವ ಸೇತುಬಂಧಾಸನ. ಕೊನೆಗೆ ಶವಾಸನ. ಎಲ್ಲ ಸೇರಿ 25 ನಿಮಿಷ.

ಬೆಳಗ್ಗೆ ಒಳ್ಳೆಯದೋ ಸಂಜೆಯೋ? ಬೆಳಗ್ಗೆ ಹೊಟ್ಟೆ ಖಾಲಿ ಇರುತ್ತದೆ, ಫೋನು ಇನ್ನೂ ಶುರುವಾಗಿರುವುದಿಲ್ಲ. ಆದರೆ ಹಾಸಿಗೆಯಿಂದ ಎದ್ದ ಕೂಡಲೇ ಮುಂದೆ ಬಗ್ಗಬೇಡಿ. ರಾತ್ರಿಯೆಲ್ಲ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಗ್ಗೆ ಅಳೆದರೆ ನಾವು ಸುಮಾರು ಒಂದು ಸೆಂಟಿಮೀಟರ್ ಎತ್ತರ ಜಾಸ್ತಿ ಇರುವುದು ಇದರಿಂದಲೇ. ಉಬ್ಬಿದ ಡಿಸ್ಕಿನ ಮೇಲೆ ಬಗ್ಗಿದರೆ ಒತ್ತಡ ಹೆಚ್ಚು. ಎದ್ದು ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಮನೆಯಲ್ಲಿ ಓಡಾಡಿ, ಒಂದು ಗಂಟೆ ಕಳೆಯಲಿ. ಅಷ್ಟು ಹೊತ್ತು ಇಲ್ಲದಿದ್ದರೆ ಆಳವಾಗಿ ಬಗ್ಗುವ ಆಸನಗಳನ್ನು ಸಂಜೆಗೆ ಇಟ್ಟುಕೊಳ್ಳಿ. ಸಂಜೆ ಮೈ ಬೆಚ್ಚಗಿರುತ್ತದೆ, ಸಲೀಸಾಗಿ ಬಗ್ಗುತ್ತದೆ. ಹೊಟ್ಟೆ ತುಂಬ ಊಟವಾಗಿದ್ದರೆ ಮೂರು ನಾಲ್ಕು ಗಂಟೆ ಬಿಡಬೇಕು.

ಮ್ಯಾಟ್ ಕೊಳ್ಳಲು ಓಡಬೇಡಿ. ಮೊದಲ ವಾರಗಳಲ್ಲಿ ಕೂರಲು, ಮಲಗಲು ಜಮಖಾನ ಅಥವಾ ಚಾಪೆ ಸಾಕು. ನಿಂತು ಮಾಡುವುದಕ್ಕೆ ಬರಿಗಾಲು, ಬರಿ ನೆಲ. ಟೈಲ್ಸ್ ಮೇಲೆ ಜಮಖಾನ ಹಾಸಿ ಸೂರ್ಯನಮಸ್ಕಾರ ಮಾತ್ರ ಮಾಡಬೇಡಿ, ಜಾರುತ್ತದೆ. ಮ್ಯಾಟ್ ತೆಗೆದುಕೊಳ್ಳುವಾಗ ನಾಲ್ಕರಿಂದ ಆರು ಮಿಲಿಮೀಟರ್ ದಪ್ಪ ನೋಡಿ. ತುಂಬ ಮೆತ್ತಗಿದ್ದರೆ ಒಂಟಿಕಾಲಲ್ಲಿ ನಿಂತಾಗ ಪಾದ ಅಲ್ಲಾಡುತ್ತದೆ.

ಕೆಲವು ವಿಷಯಗಳಲ್ಲಿ ನಾನು ರಾಜಿಯಾಗುವುದಿಲ್ಲ. ಮೊದಲ ವರ್ಷ ಶೀರ್ಷಾಸನ ಯೂಟ್ಯೂಬ್ ನೋಡಿ ಮಾಡಬೇಡಿ. ಕಣ್ಣಿನ ನರಕ್ಕೆ ಪೆಟ್ಟು ಕೊಡುವ ಗ್ಲಾಕೋಮಾ ಕಾಯಿಲೆ ಇದ್ದವರಂತೂ ತಲೆಕೆಳಗಾಗುವ ಯಾವ ಆಸನವನ್ನೂ ಮಾಡಬಾರದು. ಶೀರ್ಷಾಸನದಲ್ಲಿ ಕಣ್ಣಿನ ಒಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಇರುವವರು, ಗರ್ಭಿಣಿಯರು ಜೋರಾಗಿ, ಬೇಗ ಬೇಗ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾಗಳಿಂದ ದೂರ ಇರಬೇಕು. ಡಿಸ್ಕ್ ತೊಂದರೆ ಇದ್ದರೆ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇದ್ದರೆ ಆಳವಾಗಿ ಮುಂದೆ ಬಗ್ಗುವುದು ಬೇಡ. ಡಾಕ್ಟರ ಹತ್ತಿರ ಮಾತಾಡಿ, ಕಲಿಸುವವರಿಗೂ ಮೊದಲ ದಿನವೇ ಹೇಳಿ. ಇನ್ನು ನೋವಿನ ಭಾಷೆ. ಸ್ನಾಯುವಿನ ನಡುಭಾಗದಲ್ಲಿ ಎಳೆದ ಹಾಗೆ ಆಗಿ, ಉಸಿರು ಬಿಟ್ಟಾಗ ಕಡಿಮೆಯಾದರೆ ಸರಿ. ಕೀಲಿನಲ್ಲಿ ಚುಚ್ಚಿದರೆ, ಕಾಲಿನವರೆಗೆ ಜುಮ್ಮೆಂದರೆ, ಮರಗಟ್ಟಿದರೆ ಅಲ್ಲೇ ನಿಲ್ಲಿಸಿ.

ಒಂದು ತಿಂಗಳಾದರೂ ಎದುರಿಗೆ ಕಲಿಯುವುದು ಒಳ್ಳೆಯದು. ನಿಮ್ಮ ಬೆನ್ನು ನಿಮಗೆ ಕಾಣುವುದಿಲ್ಲ, ಫೋನಿನಲ್ಲಿರುವವರಿಗೂ ಕಾಣುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ ನಿಮ್ಮ ಬಡಾವಣೆಯ ಪಾರ್ಕಿನಲ್ಲಿ, ದೇವಸ್ಥಾನದ ಪಕ್ಕದ ಹಾಲಿನಲ್ಲಿ ಬೆಳಗ್ಗೆ ಐದೂವರೆಗೆ ಒಮ್ಮೆ ಹೋಗಿ ನೋಡಿ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಿಡಿಗಾಸು ತೆಗೆದುಕೊಳ್ಳದೆ ಕಲಿಸುವವರಿದ್ದಾರೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಊರೂರು ಸುತ್ತಿ ಯೋಗ ಶಿಬಿರ ನಡೆಸಿದ ನಾಡು ಇದು. ಹೋದ ಕಡೆ ಒಂದೇ ವಿಷಯ ಗಮನಿಸಿ. 'ನನಗೆ ಮಂಡಿ ನೋವಿದೆ' ಅಂದಾಗ ಅವರು ಏನು ಮಾಡುತ್ತಾರೆ? ನಿಮಗಾಗಿ ಆಸನ ಬದಲಿಸಿಕೊಟ್ಟರೆ ಅಲ್ಲೇ ಇರಿ. 'ಮಾಡ್ತಾ ಮಾಡ್ತಾ ಹೋಗುತ್ತೆ' ಅಂದರೆ ಬೇರೆ ಕಡೆ ನೋಡಿ.

ದಿನ ತಪ್ಪುವುದು ಎಲ್ಲರಿಗೂ ಆಗುತ್ತದೆ. ಅಭ್ಯಾಸ ಗಟ್ಟಿಯಾಗಲು ಯೋಗಸೂತ್ರ ಮೂರು ಗುಣ ಹೇಳುತ್ತದೆ: ದೀರ್ಘಕಾಲ, ನಿರಂತರ, ಆದರ. ಹೊಸಬರು ಮೊದಲೆರಡನ್ನು ಹಿಡಿದು ಮೂರನೆಯದನ್ನು ಮರೆಯುತ್ತಾರೆ. ಭಾನುವಾರ ಒಂದೂವರೆ ಗಂಟೆ ಮೈ ಹಿಂಡುವುದಕ್ಕಿಂತ ದಿನಾ ಹದಿನೈದು ನಿಮಿಷ ಪ್ರೀತಿಯಿಂದ ಕೂತರೆ ಮೈ ಹೆಚ್ಚು ನಂಬುತ್ತದೆ. ತೀರಾ ಆಗದ ದಿನ ಜಮಖಾನ ಹಾಸಿ ಹತ್ತು ಉಸಿರು ಎಣಿಸಿ ಎದ್ದುಬಿಡಿ. ಆ ದಿನವೂ ಲೆಕ್ಕಕ್ಕೆ ಬರುತ್ತದೆ.

ಶವಾಸನವನ್ನು ಮಾತ್ರ ಬಿಡಬೇಡಿ. ಕ್ಲಾಸಿನಲ್ಲಿ ಅರ್ಧ ಜನ ಅದಕ್ಕೆ ಮುಂಚೆ ಮ್ಯಾಟ್ ಸುತ್ತಿಕೊಂಡು ಹೊರಡುತ್ತಾರೆ, ಮಲಗುವುದರಲ್ಲಿ ಏನಿದೆ ಎಂದು. ಅಂಗಾತ ಮಲಗಿ. ಕೆಳಬೆನ್ನು ನೋಯುತ್ತಿದ್ದರೆ ಮಂಡಿಯ ಕೆಳಗೆ ದಿಂಬು ಇಡಿ. ಅಂಗೈ ಮೇಲ್ಮುಖ. ಬೆರಳುಗಳು ತಾವಾಗಿ ಸ್ವಲ್ಪ ಮಡಚಿಕೊಳ್ಳುತ್ತವೆ, ಹಾಗೇ ಇರಲಿ. ದವಡೆ ಸಡಿಲ ಬಿಟ್ಟರೆ ಹಲ್ಲುಗಳ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಬರುತ್ತದೆ. ಉಸಿರನ್ನು ಎಣಿಸುವುದೂ ಬೇಡ, ಅದು ಹೋಗಿ ಬರುವುದನ್ನು ಸುಮ್ನೆ ಗಮನಿಸಿ. ಐದು ನಿಮಿಷವಾದ ಮೇಲೆ ಬೆರಳುಗಳನ್ನು ಆಡಿಸಿ, ಮಂಡಿ ಮಡಿಸಿ, ಬಲಮಗ್ಗುಲಿಗೆ ಹೊರಳಿ. ಅಲ್ಲಿ ಎರಡು ಉಸಿರು ಕಾಯಿರಿ. ಆಮೇಲೆ ಎಡಗೈ ನೆಲಕ್ಕೆ ಊರಿ, ತಲೆಯನ್ನು ಎಲ್ಲಕ್ಕಿಂತ ಕೊನೆಗೆ ಎತ್ತಿ, ಎದ್ದು ಕೂರಿ.